ಬೇಸಿಗೆಯ ಹಂಪಿ: ನೆರಳು ನೋಡಿ ಕ್ಯಾಮೆರಾ ಎತ್ತಿ

ಹಂಪಿಯ ಫೋಟೋ ತೆಗೆಯಬೇಕಾದರೆ ಮಳೆಗಾಲ ಮುಗಿಯಲಿ ಎನ್ನುವವರೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆಕಾಶ ಬಿಳಿಚಿಕೊಂಡಿರುತ್ತದೆ, ಹುಲ್ಲೆಲ್ಲ ಒಣಗಿರುತ್ತದೆ ಎಂಬುದು ಅವರ ತಕರಾರು. ಎಲ್ಲವೂ ನಿಜವೇ. ಆದರೆ ಬೇಸಿಗೆಯ ಚಿತ್ರದಲ್ಲಿ ಬೇಸಿಗೆ ಕಾಣದಿದ್ದರೆ ಇನ್ನೇನು ಕಾಣಬೇಕು? ಒಣಹುಲ್ಲಿಗೆ ಹಸಿರು ಬಳಿದು, ಬಿಳಿ ಆಕಾಶಕ್ಕೆ ನೀಲಿ ತುಂಬಿ, ಏಪ್ರಿಲನ್ನು ನವೆಂಬರ್ ಮಾಡಲು ಹೊರಟ ಚಿತ್ರಗಳೇ ಸೋಲುವುದು. ನೋಡಿದವರಿಗೆ ಬಂಡೆಯ ಕಾವು ತಟ್ಟಬೇಕು. ಆ ಕೆಲಸ ಮಾಡುವುದು ಬಣ್ಣಕ್ಕಿಂತ ಹೆಚ್ಚಾಗಿ ನೆರಳು.

ಬೆಳಗಿನ ಎಳೆಬಿಸಿಲು ನಮ್ಮಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಹಂಪಿ ಇರುವುದು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಇಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಹಾಗಾಗಿ ದಿಗಂತದಿಂದ 6 ಡಿಗ್ರಿ ಮೇಲೆ ಬರಲು 25 ನಿಮಿಷ ಸಾಕು. ಸ್ಟಾಕ್‌ಹೋಮ್‌ನಂಥ ಊರಲ್ಲಿ ಜೂನ್ ತಿಂಗಳಲ್ಲಿ ಇದೇ ಎತ್ತರಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಅಲ್ಲಿನವರು ಬರೆದ ಸಲಹೆ ಓದಿಕೊಂಡು ನಿಧಾನವಾಗಿ ಬೆಟ್ಟ ಹತ್ತಿದರೆ ನಮಗೆ ಸಿಗುವುದು ಬರೀ ಬಿಸಿಲು.

ನೆರಳಿನ ಅಳತೆಗೆ ಆ್ಯಪ್ ಏನೂ ಬೇಕಿಲ್ಲ, ನಿಮ್ಮ ನೆರಳೇ ಸಾಕು. ಸೂರ್ಯ 10 ಡಿಗ್ರಿಯಲ್ಲಿದ್ದಾಗ ಅದು ನಿಮ್ಮ ಎತ್ತರದ ಐದೂವರೆ ಪಟ್ಟಿಗಿಂತ ಉದ್ದವಿರುತ್ತದೆ. ಎರಡು ಪಟ್ಟಿಗೆ ಇಳಿಯುವಷ್ಟರಲ್ಲಿ ಗಂಟೆ ಎಂಟರ ಹತ್ತಿರ ಬಂದಿರುತ್ತದೆ. ಅಲ್ಲಿಂದಾಚೆ ವಿಶಾಲ ನೋಟಗಳ ಆಸೆ ಬಿಡಿ. ಬಂಡೆಗಳ ನಡುವಿನ ಆಳವೆಲ್ಲ ಅಳಿಸಿಹೋಗಿ ಗುಡ್ಡ ಚಪ್ಪಟೆಯಾಗಿ ಕಾಣುತ್ತದೆ.

ಮಾತಂಗ ಬೆಟ್ಟದ ಉದಾಹರಣೆ ತೆಗೆದುಕೊಳ್ಳಿ. ಮೇ ಮೊದಲ ವಾರ ಸೂರ್ಯೋದಯ ಆರು ಗಂಟೆಯ ಸುಮಾರಿಗೆ. ಐದಕ್ಕೆ ಹತ್ತಲು ಶುರು ಮಾಡಿದರೆ ಐದೂವರೆಗೆ ತುದಿಯಲ್ಲಿರುತ್ತೀರಿ. ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ. ಅಚ್ಯುತರಾಯ ದೇವಾಲಯ ಮತ್ತು ಅದರ ಮುಂದಿನ ಬಜಾರು ಕಾಣುವುದು ಉತ್ತರ ದಿಕ್ಕಿಗೆ. ಈ ದಿನಗಳಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಸುಮಾರು 15 ಡಿಗ್ರಿ ಉತ್ತರಕ್ಕೆ ಸರಿದು. ಅಂದರೆ ಬೆಳಕು ನಿಮ್ಮ ಬಲಗಡೆಯಿಂದ, ತುಸು ಎದುರಿನಿಂದ ಬರುತ್ತದೆ. ಬಜಾರಿನ ಕಂಬಸಾಲಿನ ಒಂದೊಂದು ಕಂಬವೂ ಎಡಕ್ಕೆ ನೆರಳು ಚಾಚುತ್ತದೆ. ಇಡೀ ಚಿತ್ರ ನಿಂತಿರುವುದೇ ಆ ಗೆರೆಗಳ ಮೇಲೆ. ವೈಡ್ (ಅಗಲ ನೋಟದ) ಲೆನ್ಸ್ ಆದರೆ ಬಲ ಅಂಚಿನಿಂದ ಫ್ಲೇರ್, ಅಂದರೆ ಬಿಸಿಲು ನೇರ ಲೆನ್ಸಿಗೆ ಬಡಿದು ಮೂಡುವ ಬಿಳಿಚು, ನುಗ್ಗುತ್ತದೆ. ಲೆನ್ಸಿನ ತುದಿಗೆ ಹಾಕುವ ಹುಡ್ (ಬಿಸಿಲುಮರೆ) ಸಾಲದಿದ್ದರೆ ಲೆನ್ಸ್ ಪಕ್ಕಕ್ಕೆ ಟೋಪಿ ಅಡ್ಡ ಹಿಡಿಯಿರಿ, ಟೋಪಿ ಫ್ರೇಮಿನೊಳಗೆ ಬಾರದಂತೆ.

ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಹಾಕುವವರು ಎಡವುವುದೂ ಇಲ್ಲೇ. ಆ ಫಿಲ್ಟರ್ ಹೆಚ್ಚು ಕೆಲಸ ಮಾಡುವುದು ಸೂರ್ಯನಿಗೆ 90 ಡಿಗ್ರಿಯಲ್ಲಿರುವ ಆಕಾಶದ ಮೇಲೆ. ಸೂರ್ಯ ಪೂರ್ವದಲ್ಲಿದ್ದು ನೀವು ಉತ್ತರಕ್ಕೆ ತಿರುಗಿದ್ದರೆ ಆಕಾಶದ ಆ ಭಾಗ ಸರಿಯಾಗಿ ಎದುರಿಗೇ ಬರುತ್ತದೆ. 16 ಅಥವಾ 20 ಎಂಎಂ ಲೆನ್ಸಿನಲ್ಲಿ ಆಕಾಶದ ಅಷ್ಟಗಲ ಭಾಗ ಸೇರುವುದರಿಂದ ನಡುವೆ ಕಡುನೀಲಿ ಪಟ್ಟೆ, ಆಚೀಚೆ ಬಿಳುಪು. ಎಡಿಟಿಂಗಿನಲ್ಲಿ ಇದನ್ನು ಸರಿಪಡಿಸುವುದು ತಲೆನೋವು. 35 ಎಂಎಂಗಿಂತ ಉದ್ದದ ಲೆನ್ಸಿಗೆ ಮಾತ್ರ ಹಾಕಿ, ಅದನ್ನೂ ಪೂರ್ತಿ ತಿರುಗಿಸಬೇಡಿ. ಜೊತೆಗೆ, ದೂಳಿನ ಮಬ್ಬಿಗೆ ಪೋಲರೈಸರ್ ಅಷ್ಟೇನೂ ಮದ್ದಲ್ಲ. ಗಾಳಿಯ ಅಣುಗಳಿಂದಾಗುವ ನೀಲಿ ಮಬ್ಬನ್ನು ಅದು ತಗ್ಗಿಸುತ್ತದೆ, ದೊಡ್ಡ ಕಣಗಳು ಚದುರಿಸಿದ ಬೆಳಕಿನ ಮುಂದೆ ಅದರ ಆಟ ನಡೆಯುವುದಿಲ್ಲ.

ಮಬ್ಬು ತೊಳೆಯುವುದು ಮಳೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುತ್ತಾರಲ್ಲ, ಆ ಭರಣಿ ಬರುವುದು ಏಪ್ರಿಲ್ ಕೊನೆಯಿಂದ ಮೇ 11ರ ಆಸುಪಾಸಿನವರೆಗೆ. ಸಂಜೆ ಗುಡುಗಿ ಸುರಿದರೆ ಮರುದಿನ ಬೆಳಗ್ಗೆ ತಪ್ಪದೆ ಹೊರಡಿ. ದೂರದ ಗುಡ್ಡಗಳ ಅಂಚು ಸ್ಪಷ್ಟವಾಗಿರುತ್ತದೆ, ಬಂಡೆಗಳ ಗುಳಿಯಲ್ಲಿ ನಿಂತ ನೀರಿನಲ್ಲಿ ಆಕಾಶದ ಬಿಂಬ ಸಿಗುತ್ತದೆ. ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿದರೆ ಅಂಗೈಯಗಲದ ಗುಳಿಯೂ ಕೆರೆಯಾಗುತ್ತದೆ. 24 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/11, ಫೋಕಸ್ ಸುಮಾರು ಎರಡು ಮೀಟರಿಗೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಹರಿತವಾಗಿರುತ್ತದೆ. ಎಫ್/22ಕ್ಕೆ ಹೋಗಬೇಡಿ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ, ಆ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ, ಸೆನ್ಸರಿನ ಮೇಲಿನ ದೂಳೆಲ್ಲ ಆಕಾಶದಲ್ಲಿ ಚುಕ್ಕೆ ಚುಕ್ಕೆಯಾಗಿ ಮೂಡುತ್ತದೆ. ಗುಡುಗು ಶುರುವಾದರೆ ಮಾತ್ರ ಬೋಳುಬಂಡೆಯ ಮೇಲೆ ಟ್ರೈಪಾಡ್ ಹಿಡಿದು ನಿಲ್ಲುವ ಹುಚ್ಚು ಬೇಡ.

ಮಳೆ ಬಾರದ ದಿನ ಆಕಾಶದಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ಫ್ರೇಮಿನಲ್ಲಿ ಅದಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಜಾಗ ಕೊಡಬೇಡಿ, ಪೂರ್ತಿ ಬಿಟ್ಟರೂ ನಷ್ಟವಿಲ್ಲ. ಆನೆಗೊಂದಿ ಕಡೆ ನಾಲೆಯ ನೀರುಂಡ ಹಸಿರು ಗದ್ದೆ, ಅದರ ಬೆನ್ನಿಗೆ ಒಣಬಂಡೆಯ ರಾಶಿ. ಇವೆರಡನ್ನೇ 70ರಿಂದ 100 ಎಂಎಂನಲ್ಲಿ ಒತ್ತೊತ್ತಾಗಿ ಕೂಡಿಸಿದರೆ ಬೇಸಿಗೆಯೂ ನೀರಾವರಿಯೂ ಒಂದೇ ಚಿತ್ರದಲ್ಲಿ ಬಂದವು. 200 ಎಂಎಂ ಲೆನ್ಸ್ ಬಳಸುವುದಿದ್ದರೆ ಹೊತ್ತೇರುವ ಮೊದಲೇ ಮುಗಿಸಿ. ಕಾದ ಬಂಡೆಯ ಮೇಲಿನ ಗಾಳಿ ಪದರ ಪದರವಾಗಿ ಬೆಳಕನ್ನು ಬಾಗಿಸುತ್ತದೆ. ಆಗ ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಗೋಪುರದ ಅಂಚು ನಡುಗುತ್ತದೆ. ಫೋಕಸ್ ತಪ್ಪಿತೆಂದು ಲೆನ್ಸನ್ನು ಬೈಯುವವರೇ ಜಾಸ್ತಿ.

ಎಕ್ಸ್‌ಪೋಷರ್ ಬಗ್ಗೆ ಇಷ್ಟು: ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ), ಐಎಸ್‌ಒ 100 (ಸೆನ್ಸರಿನ ಬೆಳಕಿನ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಡೇಲೈಟ್. ಆಟೋದಲ್ಲಿಟ್ಟರೆ ಬೆಳಗಿನ ಕೆಂಪನ್ನು ಕ್ಯಾಮೆರಾ ತಾನಾಗಿಯೇ ತೊಳೆದುಹಾಕುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲ ಗೋಡೆಗೆ ಬಡಿಯದಂತೆ ನೋಡಿಕೊಳ್ಳಿ, ನೆರಳು ಕಪ್ಪಾದರೆ ಆಗಲಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಬೆಳಕಿರುವ ಬಂಡೆಯನ್ನೇ ಒತ್ತಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ.

ಇನ್ನು ನಡುಮಧ್ಯಾಹ್ನ. ಎಲ್ಲರೂ ರೂಮಿಗೆ ಹೋಗಿ ಮಲಗುವ ಹೊತ್ತು ಇದು. ಮೇ ಮೊದಲ ವಾರದ ಶುರುವಿನಲ್ಲಿ, 12 ಗಂಟೆ 20 ನಿಮಿಷದ ಆಸುಪಾಸಿಗೆ, ಹಂಪಿಯಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಬೆಂಗಳೂರಿಗೆ ಈ ಶೂನ್ಯ ನೆರಳು ಬರುವುದು ಏಪ್ರಿಲ್ 24ರ ಹೊತ್ತಿಗೆ. ಈ ಬೆಳಕಿನಲ್ಲಿ ಅಡ್ಡಲಾಗಿರುವುದೆಲ್ಲ ಹೊಳೆಯುತ್ತದೆ, ನೆಟ್ಟಗಿರುವುದೆಲ್ಲ ಕಪ್ಪಾಗುತ್ತದೆ. ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿಗೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಮೆಟ್ಟಿಲ ಮೇಲ್ಮೈ ಬಿಳಿಗೆರೆ, ಮೆಟ್ಟಿಲ ಮುಖ ಕಪ್ಪುಗೆರೆ. ದಂಡೆಯಲ್ಲಿ ನಿಂತು ಎದುರು ಬದಿಯನ್ನು ಮಾತ್ರ ಫ್ರೇಮಿಗೆ ತುಂಬಿಸಿ, ಕಪ್ಪು ಬಿಳುಪಿಗೆ ಬದಲಿಸಿ. ಅಲ್ಲಿಂದ ಹಜಾರರಾಮ ದೇವಾಲಯ ಹತ್ತಿರವೇ. ಮೇ ಮೊದಲ ವಾರದಿಂದ ಆಗಸ್ಟ್ 10ರ ಸುಮಾರಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಚಳಿಗಾಲವಿಡೀ ಮಧ್ಯಾಹ್ನ ನೆರಳಲ್ಲೇ ಇರುವ ಉತ್ತರದ ಗೋಡೆಗಳಿಗೆ ಆಗ ಮೇಲಿನಿಂದ ಸವರಿದಂತೆ ಬಿಸಿಲು ಬೀಳುತ್ತದೆ, ಉಬ್ಬುಶಿಲ್ಪಗಳು ಎದ್ದು ಕಾಣುತ್ತವೆ. ಪುರಾತತ್ತ್ವ ಇಲಾಖೆಯ ಆವರಣಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕಾಗುತ್ತದೆ, ಆದರೆ ಈ ಬೆಳಕಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಎಫ್/8ಕ್ಕೆ ಸೆಕೆಂಡಿನ 1/400 ಭಾಗ ಸಿಗುತ್ತದೆ.

ಎಡಿಟಿಂಗಿನಲ್ಲಿ ಮಬ್ಬು ತೆಗೆಯುವ ಡಿಹೇಜ್ ಸ್ಲೈಡರನ್ನು 15ರಿಂದ 20 ದಾಟಿಸಬೇಡಿ. ಅದಕ್ಕಿಂತ ಎಳೆದರೆ ನೆರಳೆಲ್ಲ ನೀಲಿಗಟ್ಟಿ, ಬಂಡೆಗಳ ಸುತ್ತ ಬಿಳಿ ಅಂಚು ಕಾಣಿಸಿಕೊಳ್ಳುತ್ತದೆ. ಮಾಸ್ಕ್ ಮಾಡಿ ದೂರದ ಗುಡ್ಡಗಳಿಗಷ್ಟೇ ಹಾಕುವುದು ಮೇಲು. ಒಣಹುಲ್ಲಿನ ಹಳದಿಯನ್ನು ಮಾತ್ರ ಹಾಗೇ ಬಿಡಿ.