ಮಕ್ಕಳ ಸ್ನಾಯುಗಡ್ಡೆ, ಮಿರ್-206 ಮತ್ತು ಒಂದು ಮೇಣದ ಬ್ಲಾಕು

ಮಕ್ಕಳ ಮೆದು ಅಂಗಾಂಶದ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ರ್‍ಯಾಬ್ಡೋಮಯೋಸಾರ್ಕೋಮ. ಕಣ್ಣಿನ ಗುಳಿ, ಮೂಗಿನ ಹಿಂಭಾಗ, ಮೂತ್ರಕೋಶ, ವೃಷಣದ ಪಕ್ಕ, ತೊಡೆ, ಹೀಗೆ ಎಲ್ಲಾದರೂ ಹುಟ್ಟಬಹುದು. ಸ್ನಾಯುವಾಗಲು ಹೊರಟು ಅರ್ಧಕ್ಕೇ ನಿಂತ ಕೋಶಗಳ ಗಡ್ಡೆ ಇದು. ಮಯೋಡಿ, ಮಯೋಜೆನಿನ್ ಎಂಬ ಸ್ನಾಯು ಪ್ರೋಟೀನ್‌ಗಳು ಈ ಕೋಶಗಳಲ್ಲಿ ಇರುತ್ತವೆ. ಪೆಥಾಲಜಿಯವರು ಬಣ್ಣ ಹಾಕಿ ಹುಡುಕುವುದೂ ಅವನ್ನೇ. ಸ್ನಾಯು ಕಟ್ಟಿಸುವ ಪ್ರೋಟೀನ್ ಇದ್ದೂ ಕೋಶ ಯಾಕೆ ಸ್ನಾಯುವಾಗಲಿಲ್ಲ? ಉತ್ತರದ ಒಂದು ದೊಡ್ಡ ಪಾಲು ನಾನ್-ಕೋಡಿಂಗ್ ಆರ್‌ಎನ್‌ಎಯಲ್ಲಿದೆ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್‌ಗೆ ನೇರವಾಗಿ ಸಂಬಂಧಿಸಿದ ಭಾಗ ಶೇ. 2ಕ್ಕಿಂತ ಕಡಿಮೆ. ಉಳಿದದ್ದರ ಬಹುಪಾಲಿನಿಂದಲೂ ಆರ್‌ಎನ್‌ಎ ಹುಟ್ಟುತ್ತದೆ. ಅದು ಪ್ರೋಟೀನ್ ಆಗುವುದಿಲ್ಲ, ಆದರೆ ಅದರಲ್ಲಿ ಕೆಲವು ಬೇರೆ ಜೀನ್‌ಗಳನ್ನು ಹತೋಟಿಯಲ್ಲಿಡುತ್ತವೆ. ಅವುಗಳಲ್ಲಿ ತೀರಾ ಚಿಕ್ಕದು ಸುಮಾರು 22 ಅಕ್ಷರಗಳ ಮೈಕ್ರೋ ಆರ್‌ಎನ್‌ಎ. 2024ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ.

ಸ್ನಾಯುವಿಗೆಂದೇ ಇರುವ ಮೈಕ್ರೋ ಆರ್‌ಎನ್‌ಎಗಳು ಮಿರ್-1, ಮಿರ್-133, ಮಿರ್-206. ಮಯೋಡಿ ಮಿರ್-206ನ್ನು ಎಬ್ಬಿಸುತ್ತದೆ. ಅದು ಮೆಟ್, ಪ್ಯಾಕ್ಸ್3, ಪ್ಯಾಕ್ಸ್7ರಂಥ, ಕೋಶ ವಿಭಜನೆ ಆಗುತ್ತಲೇ ಇರಲಿ ಎನ್ನುವ ಜೀನ್‌ಗಳ ಸಂದೇಶವನ್ನು ಅಡಗಿಸುತ್ತದೆ. ಆಗ ಕೋಶ ವಿಭಜನೆ ನಿಲ್ಲಿಸಿ ಸ್ನಾಯು ಎಳೆಯಾಗುತ್ತದೆ. ಗಡ್ಡೆಯಲ್ಲಿ ಮಿರ್-206 ಬಲಿತ ಸ್ನಾಯುವಿಗಿಂತ ಬಹಳ ಕಡಿಮೆ. ಲ್ಯಾಬಿನಲ್ಲಿ ಅದನ್ನು ಮತ್ತೆ ಕೋಶದೊಳಗೆ ತುಂಬಿದಾಗ ಕೋಶಗಳು ಉದ್ದುದ್ದ ಎಳೆಗಳಾದವು, ಇಲಿಗಳಲ್ಲಿ ಗಡ್ಡೆ ಬೆಳೆಯುವುದು ತಗ್ಗಿತು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಗಟ್ಟಿ ಅನಿಸುವ ಪುರಾವೆ ಇದೇ.

ಉದ್ದನೆಯ ಆರ್‌ಎನ್‌ಎಗಳಲ್ಲಿ ಹೇಳಲೇಬೇಕಾದದ್ದು ಎಚ್19. ಇದು 11ನೇ ಕ್ರೋಮೋಸೋಮಿನಲ್ಲಿದೆ. ತಾಯಿಯಿಂದ ಬಂದ ಪ್ರತಿಯಲ್ಲಿ ಎಚ್19 ಕೆಲಸ ಮಾಡುತ್ತದೆ, ತಂದೆಯಿಂದ ಬಂದದ್ದರಲ್ಲಿ ಪಕ್ಕದ ಐಜಿಎಫ್2 ಎಂಬ ಬೆಳವಣಿಗೆಯ ಜೀನ್. ಈ ಕ್ಯಾನ್ಸರಿನ ಎಂಬ್ರಿಯೋನಲ್ ಎಂಬ ಬಗೆಯ ಗಡ್ಡೆಗಳಲ್ಲಿ ಹಲವು ಸಲ ತಾಯಿಯ ಪ್ರತಿ ಕಳೆದುಹೋಗಿರುತ್ತದೆ: ಎಚ್19 ಮೌನ, ಐಜಿಎಫ್2 ಜೋರು. ವರದಿಯಲ್ಲಿ ಇಂಥ ಮಾತು ಕಂಡರೆ ಮನೆಯಲ್ಲಿ ತಾಯಿಯ ಕಡೆ ಬೆರಳು ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ಕಳೆದುಹೋದದ್ದು ಸಾಮಾನ್ಯವಾಗಿ ಗಡ್ಡೆಯ ಕೋಶದೊಳಗೆ, ಮಗು ಹುಟ್ಟಿದ ನಂತರವೂ ಆಗಿರಬಹುದು. ತಾಯಿ ತಿಂದದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ.

ನಿಜವಾಗಿ ವಂಶದಲ್ಲಿ ಬರಬಹುದಾದವುಗಳಲ್ಲಿ ಒಂದು ಡೈಸರ್1 ಜೀನಿನ ದೋಷ. ಉದ್ದದ ಆರ್‌ಎನ್‌ಎಯನ್ನು 22 ಅಕ್ಷರಕ್ಕೆ ಕತ್ತರಿಸುವ ಕಿಣ್ವ ಇದರದೇ. ಹದಿಹರೆಯದ ಹುಡುಗಿಯ ಗರ್ಭಕಂಠದಲ್ಲಿ ರ್‍ಯಾಬ್ಡೋಮಯೋಸಾರ್ಕೋಮ ಸಿಕ್ಕರೆ ಇದನ್ನು ನೆನಪಿಸಿಕೊಳ್ಳಲೇಬೇಕು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಥೈರಾಯ್ಡ್‌ನಲ್ಲಿ ಹಲವು ಗಂಟು, ಕೂಸಿನ ಶ್ವಾಸಕೋಶದಲ್ಲಿ ನೀರ್ಗುಳ್ಳೆ, ಅಂಡಾಶಯದ ಗಡ್ಡೆ ಆಗಿತ್ತೇ ಎಂದು ಕೇಳಬೇಕು. ನಮ್ಮ ಕಡೆ ಮೊದಲು ಬರುವ ಪ್ರಶ್ನೆ, "ಸೋದರಮಾವನ ಮಗನ್ನ ಮದುವೆ ಆಗಿದ್ದಕ್ಕೆ ಹಿಂಗಾತಾ?" ಇಲ್ಲ. ಇದಕ್ಕೆ ದೋಷವಿರುವ ಒಂದೇ ಪ್ರತಿ ಸಾಕು. ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಂಬಂಧದೊಳಗಿನ ಮದುವೆಗೂ ಇದಕ್ಕೂ ನಂಟಿಲ್ಲ. ದೋಷ ಇದ್ದವರಲ್ಲೂ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ.

ರಕ್ತ ಪರೀಕ್ಷೆಯಲ್ಲೇ ಈ ಕ್ಯಾನ್ಸರನ್ನು ಹಿಡಿಯಬಹುದಲ್ಲ ಎಂದು ಓದಿದವರು ಕೇಳುತ್ತಾರೆ. ಈ ಗಡ್ಡೆ ಇರುವ ಮಕ್ಕಳ ರಕ್ತದಲ್ಲಿ ಮಿರ್-206 ಹೆಚ್ಚಿರುವುದು ನಿಜ. ಬಲಿತ ಸ್ನಾಯುವಿಗೆ ಹೋಲಿಸಿದರಷ್ಟೇ ಗಡ್ಡೆಯಲ್ಲಿ ಅದು ಕಡಿಮೆ. ಬೇರೆ ಕ್ಯಾನ್ಸರ್‌ಗಳಿಗೆ ಹೋಲಿಸಿದರೆ ಹೆಚ್ಚೇ. ಆದರೆ ಡುಶೆನ್ ಸ್ನಾಯುಕ್ಷಯದ ಮಕ್ಕಳಲ್ಲೂ ಏರುತ್ತದೆ, ಸ್ನಾಯುವಿಗೆ ಪೆಟ್ಟು ಬಿದ್ದರೂ ಏರಬಹುದು. ಸಂಶೋಧನೆಗೆ ರಕ್ತ ತೆಗೆಯುವವರು ಬಯಾಪ್ಸಿಗೆ ಮುಂಚೆಯೇ ತೆಗೆಯಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಆರ್‌ಎನ್‌ಎ ಅಳೆಯುವ ಪಿಸಿಆರ್ ಪರೀಕ್ಷೆಯನ್ನು ತಡೆಯುತ್ತದೆ. ನೇರಳೆ ಮುಚ್ಚಳದ ಇಡಿಟಿಎ ತಗೊಳ್ಳಿ. ಎರಡು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ, ಅದನ್ನು ಇನ್ನೊಮ್ಮೆ ಜೋರಾಗಿ ತಿರುಗಿಸಿ, ಮೈನಸ್ 80ಕ್ಕೆ ಇಡಿ.

ಹೆಚ್ಚು ಕೆಡುವುದು ಕೆಂಪು ರಕ್ತಕಣ ಒಡೆದಾಗ. ಅಳತೆಗೋಲಾಗಿ ಬಳಸುವ ಮಿರ್-16 ಕೆಂಪು ಕಣದಲ್ಲಿ ತುಂಬಿಕೊಂಡಿರುತ್ತದೆ. ಕಣ ಒಡೆದರೆ ಮಿರ್-16 ಏರುತ್ತದೆ, ಅದಕ್ಕೆ ಹೋಲಿಸಿದಾಗ ಮಿರ್-206 ಸುಳ್ಳಾಗಿ ತಗ್ಗಿದಂತೆ ಕಾಣುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಸಿಟಿ ವ್ಯಾಲ್ಯೂ (ಪಿಸಿಆರ್ ಎಷ್ಟನೇ ಸುತ್ತಿಗೆ ಆರ್‌ಎನ್‌ಎಯನ್ನು ಹಿಡಿಯಿತು ಎಂಬ ಸಂಖ್ಯೆ) ಇಲ್ಲೂ ಇದೆ. ಮಿರ್-451ಎ ಕೆಂಪು ಕಣದಲ್ಲಿ ತುಂಬಿರುತ್ತದೆ, ಮಿರ್-23ಎ ಕಣ ಒಡೆದರೂ ಹೆಚ್ಚು ಬದಲಾಗುವುದಿಲ್ಲ. ಮಿರ್-23ಎಯ ಸಿಟಿಯಿಂದ ಮಿರ್-451ಎಯದನ್ನು ಕಳೆಯಿರಿ. 5ಕ್ಕಿಂತ ಕಡಿಮೆ ಬಂದರೆ ಸ್ಯಾಂಪಲ್ ಸರಿಯಿದೆ, 7 ದಾಟಿದರೆ ನಂಬಬೇಡಿ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಟ್ಯೂಬನ್ನು ಬೈಕಿನ ಡಿಕ್ಕಿಯಲ್ಲಿ ಹಾಕಿ ತಂದರೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಔಷಧಿಯ ವಿಷಯಕ್ಕೆ ಬಂದರೆ, ಮಿರ್-34ಎ ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎಯನ್ನು ಕೊಬ್ಬಿನ ಅತಿಸಣ್ಣ ಗುಳ್ಳೆಗಳೊಳಗಿಟ್ಟು ರಕ್ತನಾಳಕ್ಕೆ ಕೊಟ್ಟ ಎಂಆರ್‌ಎಕ್ಸ್34 ಪ್ರಯೋಗ 2016ರಲ್ಲಿ ನಿಂತಿತು. ರೋಗನಿರೋಧಕ ವ್ಯವಸ್ಥೆ ಕೆರಳಿ ಗಂಭೀರ ತೊಂದರೆಗಳಾದವು. ಅದು ದೊಡ್ಡವರಲ್ಲಿ ನಡೆದ ಪ್ರಯೋಗ. ಮಗುವಿನ ಚಿಕಿತ್ಸೆ ಇಂದಿಗೂ ಕೀಮೋ, ಶಸ್ತ್ರಚಿಕಿತ್ಸೆ, ರೇಡಿಯೇಶನ್. "ಆರ್‌ಎನ್‌ಎ ಟ್ರೀಟ್‌ಮೆಂಟ್" ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾದರೆ ನಮ್ಮೂರಲ್ಲಿ ಮಾಡಬಹುದಾದದ್ದು ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಕೆಡದಂತೆ ಕಾಪಾಡುವುದು, ಮತ್ತು ಅದು ಸಣ್ಣ ಕೆಲಸವಲ್ಲ. ಬೆಳೆಯುತ್ತಿರುವ, 5 ಸೆಂ.ಮೀ. ದಾಟಿದ ಗಂಟನ್ನು ಕೊಬ್ಬಿನ ಗಂಟೆಂದು ಒಮ್ಮೆಲೇ ಕೊಯ್ದು ತೆಗೆಯಬಾರದು. ಮೊದಲು ಎಂಆರ್‌ಐ, ಆಮೇಲೆ 14 ಅಥವಾ 16 ಗೇಜ್ ಸೂಜಿಯಲ್ಲಿ ಹಲವು ಎಳೆ. ಸಲೈನ್ ಬಾಟಲಿಯಲ್ಲಿ ಹಾಕಿಟ್ಟರೆ ಕೋಶ ಹಾಳಾಗುತ್ತದೆ. ಬೇಕಾದದ್ದು ಬಫರ್ ಮಾಡಿದ ಶೇ. 10ರ ಫಾರ್ಮಲಿನ್: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದೆ ಇಟ್ಟ ಫಾರ್ಮಲಿನ್ ನಿಧಾನಕ್ಕೆ ಫಾರ್ಮಿಕ್ ಆಮ್ಲವಾಗಿ ಆರ್‌ಎನ್‌ಎ, ಡಿಎನ್‌ಎ ಎರಡನ್ನೂ ತಿನ್ನುತ್ತದೆ. ತುಣುಕಿನ ಹತ್ತು ಪಟ್ಟಾದರೂ ದ್ರವ ಇರಲಿ. 6 ಗಂಟೆಗೆ ಕಡಿಮೆ ಬೇಡ, 48 ಗಂಟೆ ಮೀರುವುದೂ ಬೇಡ. ಶನಿವಾರ ಸಂಜೆ ತೆಗೆದದ್ದು ರಜೆ ಸೇರಿಕೊಂಡು ಮಂಗಳವಾರದವರೆಗೆ ಉಳಿಯುವುದೇ ಇಲ್ಲಿನ ದೊಡ್ಡ ಸಮಸ್ಯೆ. ಹಾಗಾಗಿ ಬಯಾಪ್ಸಿಯನ್ನು ವಾರದ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ.

ಹೀಗೆ ಕಾಪಾಡಿದ ತುಣುಕನ್ನು ಮೇಣದಲ್ಲಿ ಕೂರಿಸಿ ಮಾಡಿದ ಬ್ಲಾಕಿನಲ್ಲಿ ಉದ್ದದ ಆರ್‌ಎನ್‌ಎ ಚೂರಾಗಿದ್ದರೂ 22 ಅಕ್ಷರದ್ದು ವರ್ಷಗಟ್ಟಲೆ ಉಳಿಯುತ್ತದೆ. ತೆಗೆಯುವಾಗ ಮಾತ್ರ ಎಚ್ಚರ: ಸಾಮಾನ್ಯ ಆರ್‌ಎನ್‌ಎ ಕಿಟ್‌ನ ಕಾಲಂನಲ್ಲಿ 200 ಅಕ್ಷರಕ್ಕಿಂತ ಚಿಕ್ಕದೆಲ್ಲ ಸೋರಿಹೋಗುತ್ತದೆ, ಅದಕ್ಕೇ ಶುದ್ಧ ಎಥನಾಲ್ ಒಂದೂವರೆ ಪಟ್ಟು ಹಾಕುವ ವಿಧಾನ ಬೇಕು. ಫಾಕ್ಸೋ1 ಜೀನ್ ಮುರಿದಿದೆಯೇ ಎಂದು ಹೊಳೆಯುವ ಬಣ್ಣ ಹಾಕಿ ನೋಡುವ ಫಿಶ್ ಪರೀಕ್ಷೆಗೂ ಇದೇ ಬ್ಲಾಕು ಸಾಕು. ಮಗುವಿನ ಚಿಕಿತ್ಸೆ ಎಷ್ಟು ತೀವ್ರವಾಗಿರಬೇಕು ಎಂಬುದನ್ನು ಇಂದು ನಿರ್ಧರಿಸಲು ನೆರವಾಗುವುದು ಆ ಫಲಿತಾಂಶವೇ.

ಮಗುವನ್ನು ಕಿದ್ವಾಯಿಗೋ ಇನ್ನೆಲ್ಲಿಗೋ ಕರೆದೊಯ್ಯುವ ತಂದೆತಾಯಿ ರಿಪೋರ್ಟ್ ಕಾಗದದ ಜೊತೆ ಸ್ಲೈಡು, ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಬ್ಲಾಕಿನ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಆ ಮೇಣ 60 ಡಿಗ್ರಿ ಹತ್ತಿರ ಕರಗುತ್ತದೆ, ಅದಕ್ಕಿಂತ ಮುಂಚೆಯೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.