ಗಿಡದ ನಿದ್ದೆ ಕಾಯುವ ತಿಂಗಳುಗಳು

"ಹಿಮ ಬಿದ್ದ ಮ್ಯಾಲ ಗಿಡ ಸಾಯಂಗಿಲ್ಲೇನ್ರಿ?" ಡಿಸೆಂಬರ್‌ನಲ್ಲಿ ಕಲಬುರಗಿ, ಬೀದರಿನಿಂದ ಬರುವ ಫೋನುಗಳಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ. ಸಾಯುವುದಿಲ್ಲ. ನಾವಿರುವ ಅಮೆರಿಕದ ಆಗ್ನೇಯ ಮಿಷಿಗನ್‌ನಲ್ಲಿ ಚಳಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದುಂಟು. ಎಲೆ ಉದುರಿಸಿ ಗಾಢವಾಗಿ ಮಲಗಿದ ಸೇಬು, ಪೇರ್ ಗಿಡಗಳು ಅದನ್ನು ತಾಳಿಕೊಳ್ಳುತ್ತವೆ. ಗಿಡ ಕೆಡುವುದು ಅರ್ಧ ಎಚ್ಚರವಾದಾಗ. ಆದ್ದರಿಂದ ಇಲ್ಲಿ ಹಿತ್ತಲ ತೋಟ ಇಟ್ಟುಕೊಂಡವರಿಗೆ ಚಳಿಗಾಲದ ಮುಖ್ಯ ಕೆಲಸ ಗಿಡದ ನಿದ್ದೆ ಕಾಯುವುದು.

ಸೇಬಿನ ಗಿಡ ಚಳಿಯ ಲೆಕ್ಕ ಇಡುತ್ತದೆ. 0ಯಿಂದ 7 ಡಿಗ್ರಿ ನಡುವಿನ ತಾಸುಗಳು ಅದಕ್ಕೆ ಲೆಕ್ಕ. ಇಲ್ಲಿ ಬೆಳೆಯುವ ಹೆಚ್ಚಿನ ತಳಿಗಳಿಗೆ ಅಂಥ 800ರಿಂದ 1000 ತಾಸು ಬೇಕು. ಲೆಕ್ಕ ತುಂಬಿದ ಮೇಲೆ ಗಿಡ ಬೆಚ್ಚಗಿನ ದಿನಕ್ಕೆ ಕಾಯುತ್ತದೆ. ಹಾಗಾಗಿ ಜನವರಿಯ ಕಡುಚಳಿಗಿಂತ ಫೆಬ್ರವರಿಯ ಎರಡು ದಿನದ ಬಿಸಿಲೇ ಅಪಾಯ. ಕಲಬುರಗಿಯಲ್ಲಿ ಸೇಬು ಹಚ್ಚಬಹುದೇ ಎಂದು ಕೇಳುವವರಿಗೂ ಉತ್ತರ ಇದೇ ಲೆಕ್ಕದಲ್ಲಿದೆ. ಅನ್ನಾ, ಎಚ್‌ಆರ್‌ಎಂಎನ್-99ರಂಥ ಕಡಿಮೆ ಚಳಿ ಬೇಡುವ ತಳಿಗಳು ನಮ್ಮ ಕಡೆ ಬದುಕುತ್ತವೆ, ಆದರೆ ನಮ್ಮ ಡಿಸೆಂಬರ್‌ನ ಹಗಲು 30 ಡಿಗ್ರಿಯ ಹತ್ತಿರ ಹೋಗುತ್ತದೆ. ನಿದ್ದೆ ಸಾಲದ ಗಿಡ ಒಂದೇ ಸಲಕ್ಕೆ ಹೂ ಬಿಡದೆ, ಅಲ್ಲೊಂದು ಇಲ್ಲೊಂದು ಮೊಗ್ಗು ಒಡೆಯುತ್ತದೆ. ಕುತೂಹಲಕ್ಕೆ ಒಂದು ಗಿಡ ಸಾಕು. ಅದೇ ಗುಂಡಿ, ಅದೇ ನೀರು ಪೇರಲಕ್ಕೋ ಅಂಜೂರಕ್ಕೋ ಕೊಟ್ಟರೆ ಮನೆಮಂದಿಗೆಲ್ಲ ಹಣ್ಣು ಸಿಗುತ್ತದೆ.

ಇಲ್ಲಿ ಗಿಡವನ್ನು ತಪ್ಪು ಹೊತ್ತಿಗೆ ಎಬ್ಬಿಸುವವನು ಸೂರ್ಯ. ಫೆಬ್ರವರಿಯ ಮಧ್ಯಾಹ್ನ ಬಿಸಿಲು ನೈಋತ್ಯದಿಂದ ಓರೆಯಾಗಿ ಬೀಳುತ್ತದೆ, ನೆಲದ ಹಿಮದಿಂದಲೂ ಪುಟಿದು ಬಂದು ಬೊಡ್ಡೆಗೆ ತಾಗುತ್ತದೆ. ಆ ಮಗ್ಗುಲಿನ ತೊಗಟೆ ಕಾದು ಜೀವ ಚಲಿಸತೊಡಗಿದಾಗಲೇ ಹೊತ್ತು ಮುಳುಗಿ ಚಳಿ ಮೈನಸ್ 15ಕ್ಕೆ ಬಿದ್ದರೆ ತೊಗಟೆ ಉದ್ದಕ್ಕೆ ಸೀಳುತ್ತದೆ. ಉಪಾಯ ಸುಲಭ. ನವೆಂಬರ್‌ನಲ್ಲಿ 10 ಡಿಗ್ರಿಗಿಂತ ಬೆಚ್ಚಗಿರುವ ಒಣ ದಿನ ನೋಡಿ, ಬಿಳಿ ಲೇಟೆಕ್ಸ್ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ, ನೆಲದಿಂದ ಮೊದಲ ಕೊಂಬೆಯವರೆಗೆ ಬಳಿಯಬೇಕು. ಎಣ್ಣೆ ಬಣ್ಣ ಮಾತ್ರ ಬೇಡ, ತೊಗಟೆ ಸುಡುತ್ತದೆ. ನಮ್ಮ ಕಡೆ ಮೋಸಂಬಿ ಬೊಡ್ಡೆಗೆ ಸುಣ್ಣ ಬಳಿಯುವುದೂ ಬಿಸಿಲಿನ ಸಲುವಾಗಿಯೇ. ಅಂಟು ಸೋರುವ ರೋಗ ಇದ್ದರೆ ಸುಣ್ಣ ಒಂದೇ ಸಾಲದು, ಬೋರ್ಡೊ ಪೇಸ್ಟ್ ಬೇಕು. 1 ಕಿಲೊ ಮೈಲುತುತ್ತು 5 ಲೀಟರ್ ನೀರಿನಲ್ಲಿ, 1 ಕಿಲೊ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ ಬೇರೆಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಆಮೇಲೆ ಕೂಡಿಸಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಪದರು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಿ.

ಎರಡನೇ ಶತ್ರು ಇಲಿ. ಮೋಟು ಬಾಲದ ಹುಲ್ಲಿಲಿಗಳು ಹಿಮದ ಅಡಿಯಲ್ಲಿ ದಾರಿ ಕೊರೆದುಕೊಂಡು ಬೊಡ್ಡೆಯ ತೊಗಟೆಯನ್ನು ಸುತ್ತಲೂ ಮೇಯುತ್ತವೆ. ಹಿಮ ಕರಗುವವರೆಗೆ ಏನೂ ಕಾಣುವುದಿಲ್ಲ, ಕಂಡಾಗ ಗಿಡ ಹೋಗಿರುತ್ತದೆ. 6 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿಯನ್ನು 60 ಸೆಂಟಿಮೀಟರ್ ಎತ್ತರಕ್ಕೆ, ಬೊಡ್ಡೆಗೆ ತಾಗದಂತೆ ಸುತ್ತಿ, ಬುಡವನ್ನು 5 ಸೆಂಟಿಮೀಟರ್ ಮಣ್ಣೊಳಗೆ ಹೂಳಬೇಕು. ಬುಡದ ಹುಲ್ಲು, ಎಲೆಯ ಹೊದಿಕೆಯನ್ನು 15 ಸೆಂಟಿಮೀಟರ್ ಹಿಂದಕ್ಕೆ ಎಳೆಯಿರಿ, ಇಲಿಗೆ ಅದೇ ಮನೆ. ದೊಡ್ಡ ಹಿಮ ಬಿದ್ದಾಗ ಬೊಡ್ಡೆಯ ಸುತ್ತ ಕಾಲಿನಿಂದ ತುಳಿದು ಗಟ್ಟಿ ಮಾಡಿದರೆ ಅಡಿಯ ದಾರಿ ಮುಚ್ಚುತ್ತದೆ. ಮೊಲ ಬೇರೆ ಲೆಕ್ಕ: ಅದು ಹಿಮದ ಮೇಲೆ ನಿಂತು ಕಡಿಯುತ್ತದೆ, ಹಿಮ ಏರಿದಷ್ಟೂ ಜಾಲರಿ ಏರಬೇಕು.

ಸವರುವ ಕೆಲಸ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನದು. ಇಡೀ ವರ್ಷದಲ್ಲಿ ನಮಗೆ ಅತಿ ಪ್ರಿಯವಾದ ಕೆಲಸ ಇದು, ಏಕೆಂದರೆ ಎಲೆ ಇಲ್ಲದ ಗಿಡದ ಪೂರಾ ಕಟ್ಟು ಕಣ್ಣಿಗೆ ಕಾಣುತ್ತದೆ. ಉಬ್ಬಿದ, ದುಂಡನೆಯ ಮೊಗ್ಗು ಹೂವಿನದು. ಕಡ್ಡಿಗೆ ಅಂಟಿಕೊಂಡ ಚಪ್ಪಟೆ ಮೊಗ್ಗು ಎಲೆಯದು. ಸೇಬು ಎರಡು ವರ್ಷ ದಾಟಿದ ಗಿಡ್ಡ ಕಡ್ಡಿಗಳ ಮೇಲೆ ಕಾಯಿ ಬಿಡುತ್ತದೆ, ಅವನ್ನು ಕತ್ತರಿಸಿದರೆ ಬೆಳೆಯನ್ನೇ ಕತ್ತರಿಸಿದಂತೆ. ಮೊದಲು ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವ ಕೊಂಬೆ. ಆಮೇಲೆ ನೆಟ್ಟಗೆ ಮೇಲೇಳುವ ನೀರುಕಡ್ಡಿ. ಒಟ್ಟು ಕಾಲು ಭಾಗ ದಾಟಬಾರದು. ದಾಟಿದರೆ ಗಿಡ ಗಾಬರಿಯಾಗಿ ಮರುವರ್ಷ ಇನ್ನೂ ಹೆಚ್ಚು ನೀರುಕಡ್ಡಿ ಎಬ್ಬಿಸುತ್ತದೆ. ದಪ್ಪ ಕೊಂಬೆಗೆ ಮೂರು ಕೊಯ್ತ ಬೇಕು. ಬೊಡ್ಡೆಯಿಂದ 30 ಸೆಂಟಿಮೀಟರ್ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ, ಅದಕ್ಕಿಂತ ಸ್ವಲ್ಪ ಮುಂದೆ ಮೇಲಿನಿಂದ ಪೂರ್ತಿ, ಕಡೆಗೆ ಉಳಿದ ಮೋಟನ್ನು ಬುಡದ ಉಬ್ಬು ಉಂಗುರದ ಹೊರಗೆ. ನೇರ ಮೇಲಿನಿಂದಲೇ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ಮುರಿದು ಬೊಡ್ಡೆಯ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ. ಗಾಯಕ್ಕೆ ಬಣ್ಣ ಬಳಿಯುವುದು ಬೇಡ, ಗಿಡ ತಾನೇ ಮುಚ್ಚಿಕೊಳ್ಳುತ್ತದೆ. ಪೀಚ್ ಗಿಡವನ್ನು ಮಾತ್ರ ಹೂ ಕಾಣುವವರೆಗೆ ಮುಟ್ಟಬೇಡಿ. ಚಳಿಯಲ್ಲಿ ಮಾಡಿದ ಗಾಯದಿಂದ ಅದಕ್ಕೆ ತೊಗಟೆ ಕೊಳೆಯುವ ರೋಗ ಹತ್ತುತ್ತದೆ.

ದ್ರಾಕ್ಷಿಯಲ್ಲಿ ಎರಡು ನಾಡಿನ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿ ಕಾಂಕರ್ಡ್ ಬಳ್ಳಿಗೆ ವರ್ಷಕ್ಕೆ ಒಂದೇ ಚಾಟ್ನಿ (ಕಡ್ಡಿ ಸವರುವುದು), ಮಾರ್ಚ್‌ನಲ್ಲಿ. ಹಿಂದಿನ ವರ್ಷದ ಕಡ್ಡಿಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ತೆಗೆದುಬಿಡುತ್ತಾರೆ. ನಮ್ಮ ಕಡೆ ಬಳ್ಳಿ ತಾನಾಗಿ ಮಲಗುವುದೇ ಇಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಒಂದು, ಎರಡು ಚಾಟ್ನಿ ಬೇಕಾಗುತ್ತವೆ.

ಪೇರಲಕ್ಕೂ ಹಾಗೆಯೇ ಕೈಯಾರೆ ವಿಶ್ರಾಂತಿ ಕೊಡಬೇಕು. ಮಿಷಿಗನ್‌ನಲ್ಲಿ ಚಳಿ ಮಾಡುವ ಕೆಲಸವನ್ನು ಕಲಬುರಗಿಯಲ್ಲಿ ನೀರು ನಿಲ್ಲಿಸುವುದು ಮಾಡುತ್ತದೆ. ಚಳಿಗಾಲದ ಹಣ್ಣು ಮುಗಿದ ಮೇಲೆ ಫೆಬ್ರವರಿಯಿಂದ ಮೇ ಮಧ್ಯದವರೆಗೆ ನೀರು ಕಟ್ಟಬೇಡಿ. ಎಲೆ ಹಳದಿಯಾಗಿ ಉದುರುತ್ತದೆ, ಹೆದರಬೇಡಿ. ಆಮೇಲೆ ಪಾತಿ ಸಡಿಲಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ನೀರು ಬಿಟ್ಟರೆ ಜೂನ್, ಜುಲೈಯಲ್ಲಿ ಗಿಡ ಒಮ್ಮೆಗೇ ಹೂ ಬಿಡುತ್ತದೆ. ಇದೇ ಮೃಗ ಬಹಾರ. ಈ ಹೂವಿನ ಹಣ್ಣು ನವೆಂಬರ್‌ನಿಂದ ಜನವರಿಗೆ ಬರುತ್ತದೆ, ಮಳೆಗಾಲದ ಹಣ್ಣಿಗಿಂತ ಸಿಹಿ, ಹುಳುವೂ ಕಡಿಮೆ. ಕಲಬುರಗಿಯ ಎರೆ ನೆಲ ಹಸಿ ಹಿಡಿದಿಡುತ್ತದೆ, ಎಲೆ ಉದುರಲು ತಡವಾಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಬೇಗ ಆರುತ್ತದೆ, ಅಲ್ಲಿ ಅವಧಿ ಕಡಿಮೆ ಮಾಡಿ. ಮೂರು ವರ್ಷ ತುಂಬದ ಗಿಡವನ್ನು ಹೀಗೆ ಒಣಗಿಸಬೇಡಿ.

ಕಾಯಿಪಲ್ಯದ ವಿಷಯದಲ್ಲಿ ಇಲ್ಲಿ ಚಳಿಗಿಂತ ಹಗಲು ಗಿಡ್ಡವಾಗುವುದು ದೊಡ್ಡ ಅಡಚಣೆ. ಡಿಸೆಂಬರ್ 21ರ ಸುಮಾರಿಗೆ ಕಲಬುರಗಿಯಲ್ಲಿ ಹಗಲು 11 ತಾಸು ಇದ್ದರೆ ಇಲ್ಲಿ 9 ತಾಸು. 10 ತಾಸಿಗಿಂತ ಕಡಿಮೆಯಾದರೆ ಸೊಪ್ಪು ಬೆಳೆಯುವುದು ಬಹುಪಾಲು ನಿಲ್ಲುತ್ತದೆ, ಅಂದರೆ ನವೆಂಬರ್ ಎರಡನೇ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ. ಹಾಗಾಗಿ ಪಾಲಕ್ ಆಗಸ್ಟ್ ಕೊನೆಗೇ ಬಿತ್ತಿ ನವೆಂಬರ್ ಹೊತ್ತಿಗೆ ತುಂಬಾ ಬೆಳೆಸಿಟ್ಟಿರಬೇಕು. ಆಮೇಲೆ ಪ್ಲಾಸ್ಟಿಕ್ ಕಮಾನಿನ ಅಡಿ ಅದನ್ನು ಜೋಪಾನ ಮಾಡಿ ಬೇಕಾದಷ್ಟು ಕಿತ್ತುಕೊಳ್ಳುವುದಷ್ಟೇ. ಬಿಸಿಲು ಬಿದ್ದ ದಿನ ಕಮಾನಿನ ಎರಡೂ ತುದಿ ತೆರೆಯಿರಿ, ಇಲ್ಲದಿದ್ದರೆ ಒಳಗೆ ಬೆಂದು ಕೊಳೆಯುತ್ತದೆ. ಹೆಪ್ಪುಗಟ್ಟಿದ ಎಲೆಯನ್ನು ಮುಟ್ಟಬೇಡಿ, ಮಧ್ಯಾಹ್ನ ಸಡಿಲವಾದ ಮೇಲೆ ಕೊಯ್ಯಿರಿ.

ಒಣಹುಲ್ಲು ಹೊದಿಸುವುದರಲ್ಲಿ ಹಲವರು ತಪ್ಪುತ್ತಾರೆ. ಗಜ್ಜರಿಗೆ ನೆಲ ಹೆಪ್ಪುಗಟ್ಟುವ ಮೊದಲೇ 30 ಸೆಂಟಿಮೀಟರ್ ಹೊದಿಸಬೇಕು, ಮಣ್ಣು ಮೆತ್ತಗಿದ್ದರೆ ಜನವರಿಯಲ್ಲೂ ಕೀಳಬಹುದು. ಚಳಿಗೆ ಸಿಹಿ ಏರಿರುತ್ತದೆ. ಬಳ್ಳೊಳ್ಳಿಗೆ ಇದು ಉಲ್ಟಾ. ಅಕ್ಟೋಬರ್ ಕೊನೆಗೆ ಎಸಳನ್ನು 5 ಸೆಂಟಿಮೀಟರ್ ಆಳಕ್ಕೆ ಊರಿ, ನೆಲ ಗಟ್ಟಿಯಾಗತೊಡಗಿದ ಮೇಲೆ 10 ಸೆಂಟಿಮೀಟರ್ ಹೊದಿಸಬೇಕು. ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಎಸಳು ಮೇಲೆದ್ದು ಬರುತ್ತದೆ. ಒಂದೇ ಸಮ ತಣ್ಣಗಿದ್ದರೆ ತೊಂದರೆ ಇಲ್ಲ. ಎಳ್ಳಮಾವಾಸ್ಯೆಗೆ ಕಾಳು, ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿಗೆ ಹಿತ್ತಲಿನ ಗಜ್ಜರಿ, ಪಾಲಕ್ ಸಿಗುತ್ತವೆ. ಹಸಿ ತೊಗರಿಕಾಳು, ಸುಲಗಾಯಿ (ಹಸಿ ಕಡಲೆ) ಮಾತ್ರ ಅಂಗಡಿಯ ಫ್ರೀಜರ್‌ನಿಂದಲೇ ಬರಬೇಕು, ಆ ಕೊರತೆ ತುಂಬುವಂಥದ್ದಲ್ಲ.

ಕೊಯ್ದಿಟ್ಟ ಸೇಬಿಗೆ 0ಯಿಂದ 4 ಡಿಗ್ರಿ, ಸಾಕಷ್ಟು ತೇವ ಬೇಕು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಒಂದೇ ಪದರಾಗಿ ಇಟ್ಟು, ವಾರಕ್ಕೊಮ್ಮೆ ಕೆಟ್ಟದ್ದನ್ನು ಆರಿಸಿ. ಹತ್ತಿರ ಗಜ್ಜರಿ ಇಡಬೇಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಗಜ್ಜರಿ ಕಹಿಯಾಗುತ್ತದೆ.

ಇನ್ನು ಕರಿಬೇವು. ಊರಿನಿಂದ ಬರುವವರು ಇದರ ಸಸಿಯನ್ನಾಗಲಿ ಹಸಿ ಎಲೆಯನ್ನಾಗಲಿ ಸೂಟ್‌ಕೇಸಿನಲ್ಲಿ ಹಾಕಬೇಡಿ. ಕರಿಬೇವು ನಿಂಬೆ ಜಾತಿಯದು, ನಿಂಬೆ ತೋಟಗಳನ್ನು ನಾಶಮಾಡುವ ರೋಗದ ಕೀಟ ಅದರ ಮೇಲೆ ಬರುತ್ತದೆಂದು ಅಮೆರಿಕದಲ್ಲಿ ನಿಷೇಧವಿದೆ. ಸಸಿ ಇಲ್ಲಿನ ನರ್ಸರಿಯಲ್ಲೇ ಕೊಳ್ಳಬೇಕು. ರಾತ್ರಿಯ ಚಳಿ 10 ಡಿಗ್ರಿಗೆ ಇಳಿಯುವ ಮೊದಲು, ಸೆಪ್ಟೆಂಬರ್‌ನಲ್ಲೇ ಕುಂಡವನ್ನು ಒಳಗೆ ತನ್ನಿ. ತರುವ ಮುನ್ನ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಎಲೆಯ ಹಿಂಬದಿಗೂ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಒಳಗೆ ಬಂದ ಗಿಡ ಬೆಳಕು ಸಾಲದೆ ಎಲೆ ಉದುರಿಸುತ್ತದೆ. ಒಣಗಿತೆಂದು ನೀರು ಸುರಿದರೆ ಬೇರು ಕೊಳೆತು ನಿಜವಾಗಿಯೂ ಸಾಯುತ್ತದೆ. ಕಾಂಡವನ್ನು ಉಗುರಿನಿಂದ ಗೀರಿ ನೋಡಿ, ಒಳಗೆ ಹಸಿರಿದ್ದರೆ ಮಲಗಿದೆ ಅಷ್ಟೇ. ಮೇಲಿನ ಎರಡಂಗುಲ ಮಣ್ಣು ಒಣಗಿದ ಮೇಲೆಯೇ ನೀರು, ಮಾರ್ಚ್‌ನಲ್ಲಿ ಚಿಗುರು ಕಂಡ ಮೇಲೆಯೇ ಗೊಬ್ಬರ. ಮೇ ಮಧ್ಯ ದಾಟಿದ ಮೇಲೆ ಹೊರಗಿಡಿ, ಮೊದಲ ವಾರ ನೆರಳಿನಲ್ಲಿ; ನೇರ ಬಿಸಿಲಿಗೆ ಇಟ್ಟರೆ ಎಳೆ ಎಲೆ ಸುಟ್ಟುಹೋಗುತ್ತದೆ.