ಹಕ್ಕಿ ತಂದಿದ್ದು, ನನಗೂ ಗೊತ್ತಿಲ್ಲ

"ಅವರು ಇನ್ನೂ ಏನನ್ನೂ ಕಡಿದಿಲ್ಲ ತಾನೆ?"

ನಮಗೆ ಮನೆ ಮಾರಿದ ಅಜ್ಜ ಭಾನುವಾರ ಭಾನುವಾರ ಪಕ್ಕದ ಮನೆಯಾಕೆಗೆ ಫೋನ್ ಮಾಡಿ ಮೊದಲು ಕೇಳುವುದು ಇದನ್ನೇ ಅಂತೆ. ಮಂಡಿನೋವು, ವೃದ್ಧಾಶ್ರಮದ ಸಪ್ಪೆ ಸೂಪು ಎಲ್ಲ ಆಮೇಲೆ. ಆಕೆ ನಗುತ್ತಲೇ ಹೇಳಿದರು, ಬಟ್ಟೆ ಒಣಹಾಕುತ್ತಾ. ನನಗೆ ಮಾತ್ರ ಚುರುಕ್ ಅಂದಿತು. ಸಾಲ ಮಾಡಿ ಕೊಂಡ ಮನೆ, ಕಡಿದರೆ ಇವರಪ್ಪನ ಗಂಟೇನು ಹೋಯಿತು ಅನ್ನುವ ನಮ್ಮೂರ ಮಾತು ನಾಲಿಗೆ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡು "ಇಲ್ಲ, ಒಂದು ಕಡ್ಡಿಯನ್ನೂ ಮುಟ್ಟಿಲ್ಲ ಅಂತ ಹೇಳಿ" ಅಂದೆ.

ಮುಟ್ಟದೇ ಇದ್ದದ್ದಕ್ಕೆ ಕಾರಣ ಸಭ್ಯತೆ ಅಲ್ಲ. ಯಾವುದು ಏನು ಅಂತ ಗೊತ್ತಿಲ್ಲ, ಅಷ್ಟೇ. ಇಂಗ್ಲೆಂಡಿನ ಶೆಫೀಲ್ಡ್‌ನ ಪಶ್ಚಿಮದ ಅಂಚಿನಲ್ಲಿ, ಇಳಿಜಾರಿನ ಮೇಲೆ ನಮ್ಮ ಮನೆ. ಇಳಿಜಾರು, ಮಂಜು, ಬಿಡದೆ ಜಿನುಗುವ ಮಳೆ, ಇದ್ಯಾವುದೂ ಮೂಡಿಗೆರೆ ಕಡೆಯವಳಿಗೆ ಹೊಸದಲ್ಲ. ಹಿಂದುಗಡೆ ಮೂರು ಕಡೆ ಬೇಲಿಯಿರುವ ತೋಟ, ತೋಟದ ತುಂಬ ಪೊದೆಗಳು. ಅದರಲ್ಲಿ ಒಂದರ ಹೆಸರೂ ನನಗೆ ಬರುವುದಿಲ್ಲ. ಜನವರಿಯಲ್ಲಿ ಬೀಗದಕೈ ಸಿಕ್ಕಾಗ ಅರ್ಧಕ್ಕರ್ಧ ಗಿಡಗಳು ಬರೀ ಒಣಕಡ್ಡಿ. ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡೆ. ಅದಕ್ಕೆ ಹೂವೋ ಎಲೆಯೋ ಬೇಕು. ಕಡ್ಡಿ ತೋರಿಸಿದರೆ ಬೆಳಿಗ್ಗೆ ಒಂದು ಹೆಸರು, ಸಂಜೆ ಒಂದು ಹೆಸರು. ಇವರು "ವಸಂತ ಬರಲಿ ಬಿಡು" ಅಂದು ಒಳಗೆ ಹೋದರು. ನಾನು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

ಅಮ್ಮ ಊರು ಬಿಟ್ಟು ಬೆಂಗಳೂರಿಗೇ ಸರಿಯಾಗಿ ಹೋದವಳಲ್ಲ, ಇಂಗ್ಲೆಂಡಿನ ಗಿಡ ಅವಳಿಗೆ ಹೇಗೆ ಗೊತ್ತಿರಬೇಕು? ಆದರೂ ಅವಳು ಸುಮ್ಮನೆ ಕೂರುವ ಪೈಕಿ ಅಲ್ಲ.

"ಎಲೆ ಇರೋದನ್ನ ಮೊದಲು ತೋರ್ಸು. ಮುರಿ. ಹಾಲು ಬಂತಾ? ಮೂಸು. ದನ ತಿನ್ನುತ್ತಾ?"

ಮಗಳು ಫೋನ್ ಹಿಡಿದಿದ್ದಳು. "ಅಜ್ಜಿ, ಇಲ್ಲಿ ದನಾನ ಕೇಳ್ಬೇಕಂದ್ರೆ ಬಸ್ಸಲ್ಲಿ ಹೋಗ್ಬೇಕು" ಅಂದಳು.

ನಗುವ ವಿಷಯವಾದರೂ, ಮಲೆನಾಡಿನಲ್ಲಿ ಹೊಸ ಗಿಡವೊಂದು ಎದುರಾದರೆ ನಾವು ಕೇಳುವ ಪ್ರಶ್ನೆಗಳು ಇವೇ. ದನ ತಿಂದರೆ ಸೊಪ್ಪು. ತಿನ್ನದಿದ್ದರೆ ಬೇಲಿಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದ್ದರೂ ಆಡುಸೋಗೆಯನ್ನು ಅದೂ ಮೂಸಿ ಬಿಟ್ಟು ಹೋಗುತ್ತದೆ, ಅದಕ್ಕೇ ಅದು ಬೇಲಿ ಸಾಲಿನಲ್ಲಿ ಉಳಿದದ್ದು, ಕೆಮ್ಮಿಗೆ ಕಷಾಯವಾಗಿದ್ದು. ಹಾಲು ಬಂದರೆ ಕಣ್ಣಿಗೆ ಕೈ ಹಾಕಬೇಡ. ಇನ್ನೊಂದು ಪ್ರಶ್ನೆ ಅಮ್ಮ ಕೇಳಿದಾಗ ನಾನು ಬೆರಗಾದೆ. "ಎಲೆ ಎದುರುಬದುರು ಜೋಡಿಯಾಗಿ ಬಂದಿದ್ಯಾ, ಒಂದು ಆಕಡೆ ಒಂದು ಈಕಡೆ ಬಂದಿದ್ಯಾ?" ಕಾಫಿ ಗಿಡ ನೋಡಿ ಬೆಳೆದವಳು. ಕಾಫಿಯದು ಜೋಡಿ ಎಲೆ, ಬೇಲಿಯ ಕೇಪಳದ್ದೂ ಜೋಡಿ ಎಲೆ, ಎರಡೂ ಒಂದೇ ಕುಟುಂಬ ಅಂತ ಸಸ್ಯಶಾಸ್ತ್ರದವರು ಹೇಳುತ್ತಾರೆ. ಇಲ್ಲಿನ ಲೈಬ್ರರಿಯಿಂದ ತಂದ ಪೊದೆಗಳ ಪುಸ್ತಕ ತೆರೆದರೆ ಮೊದಲ ಪುಟದ ಮೊದಲ ಪ್ರಶ್ನೆಯೂ ಅದೇ. ಒಣಕಡ್ಡಿಯಾದರೂ ಸರಿ, ಮೊಗ್ಗುಗಳು ಜೋಡಿಯಾಗಿವೆಯಾ ನೋಡಿ ಎನ್ನುತ್ತದೆ.

ಹಾಗೆ ಶುರುವಾಯಿತು ನಮ್ಮ ತನಿಖೆ. ಹಿಂದಿನ ಬೇಲಿಯ ಉದ್ದಕ್ಕೂ ದಪ್ಪ, ಹೊಳೆಯುವ ಎಲೆ. ಮುರಿದು ಉಜ್ಜಿದರೆ ಬಾದಾಮಿ ವಾಸನೆ. "ಕಹಿ ಬಾದಾಮಿಯಾ? ಹಂಗಾದ್ರೆ ಬಾಯಿಗೆ ಇಟ್ಗೋಬೇಡ, ಮಗು ಕೈ ತೊಳ್ಸು" ಅಂದಳು ಅಮ್ಮ. ಅದು ಚೆರ್ರಿ ಲಾರೆಲ್. ಎಲೆ ಜಜ್ಜಿದರೆ ಸೈನೈಡ್ ಹೊರಬರುವ ಗಿಡ. ಮೂಸದೆ, ಮುಟ್ಟದೆ, ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆಯಿಂದ ಹೇಳಿದ್ದು. ಗೋಡೆ ಪಕ್ಕದ ಇನ್ನೊಂದಕ್ಕೆ ಕಡುಹಸಿರು ಎಲೆ, ಅಂಚಿಗೆ ಸಣ್ಣ ಗರಗಸ. "ಇದು ಟೀ ಸೊಪ್ಪಿನ ಜಾತಿ ಅಲ್ವೇನೇ, ಕೆಳಗೂರಲ್ಲಿ ನೋಡಿಲ್ವಾ?" ಕ್ಯಾಮೆಲಿಯಾ. ಟೀ ಗಿಡದ ಸ್ವಂತ ಅಣ್ಣತಮ್ಮ. ಒಣಗಿದ ಹೂಗೊಂಚಲನ್ನು ಚಳಿಗಾಲವಿಡೀ ಹೊತ್ತು ನಿಂತಿದ್ದ ಮತ್ತೊಂದನ್ನು ನಾನೇ ಗುರುತಿಸಿದೆ. ಹೈಡ್ರಾಂಜಿಯಾ. ನಮ್ಮ ಕಡೆ ಎಸ್ಟೇಟ್ ಬಂಗಲೆಗಳ ಮೆಟ್ಟಿಲ ಪಕ್ಕ ಇರುತ್ತಿತ್ತಲ್ಲ, ಶಾಲೆಯಿಂದ ಬರುವಾಗ ಲೆಕ್ಕ ಬರೆಯುವ ರೈಟರ್ ಕಣ್ಣು ತಪ್ಪಿಸಿ ಕಿತ್ತು ತರುತ್ತಿದ್ದೆವಲ್ಲ, ಅದು.

ಬಾಗಿಲಿಗೆ ಅಂಟಿಕೊಂಡಂತೆ ಮೊಣಕಾಲೆತ್ತರದ ಒಂದು ಗಿಡವಿತ್ತು. ಲಕ್ಷಣವಿಲ್ಲದ ಸಣ್ಣ ಎಲೆ, ಏನೂ ವಿಶೇಷವಿಲ್ಲ. ಚಪ್ಪಲಿ ಸ್ಟ್ಯಾಂಡಿಗೆ ಜಾಗ ಬೇಕು, ಇದನ್ನು ತೆಗೆಸೋಣ ಅಂತ ಇವರು. ಬೇಲಿಯಾಚೆಯಾಕೆ ಮೂಗು ತೋರಿಸಿ, ಬಗ್ಗಿ ನೋಡು ಅಂದರು. ಬಗ್ಗಿದರೆ ಎಲೆಯ ಬುಡದಲ್ಲಿ ಬಿಳಿ ನೂಲಿನ ತುಂಡುಗಳು. ಹೂ ಅನ್ನಲೂ ಆಗದಷ್ಟು ಚಿಕ್ಕವು. ಆದರೆ ಪರಿಮಳ! ಹಿಮ ಬೀಳುವ ದಿನಗಳಲ್ಲಿ, ಇಡೀ ಬೀದಿಯಲ್ಲಿ ಇನ್ನೊಂದು ಹೂವಿಲ್ಲದಾಗ, ಬಾಗಿಲು ತೆಗೆದರೆ ಜೇನು ವಾಸನೆ. ಸಾರ್ಕೊಕೊಕಾ ಅಂತ ಅದಕ್ಕೆ. ಬಾಗಿಲಲ್ಲೇ ನೆಟ್ಟದ್ದು ಯಾಕೆ ಅಂತ ಯಾರೂ ವಿವರಿಸಬೇಕಾಗಲಿಲ್ಲ. ಮಾರ್ಚಿನಲ್ಲಿ ಒಣಕಡ್ಡಿಯೊಂದು ಒಂದೂ ಎಲೆಯಿಲ್ಲದೆ ಬುಡದಿಂದ ತುದಿವರೆಗೂ ಹಳದಿ ಹೂ ಬಿಟ್ಟಿತು, ಫೊರ್ಸಿಥಿಯಾ. ತೊಗಟೆ ಸುಲಿದುಕೊಂಡು ನಿಂತ ಇನ್ನೊಂದು ಸತ್ತೇ ಹೋಗಿದೆ ಅಂದುಕೊಂಡಿದ್ದೆ, ಈಗ ಮೇ ತಿಂಗಳಲ್ಲಿ ತುಂಬ ಎಲೆ. ಫಿಲಡೆಲ್ಫಸ್ ಇರಬೇಕು, ಜೂನ್ ಬಂದರೆ ಹೂವಿನ ವಾಸನೆಯೇ ಹೇಳುತ್ತದೆ ಎನ್ನುತ್ತಾರೆ ಆಕೆ.

ಇಲ್ಲಿ ತೋಟ ಮಾಡುವವರ ನಡುವೆ ಇದೊಂದು ರೂಢಿ. ಹೊಸ ಮನೆಗೆ ಬಂದರೆ ಒಂದು ವರ್ಷ ಸುಮ್ಮನಿರು, ನಾಲ್ಕು ಋತು ನೋಡು, ಆಮೇಲೆ ಕತ್ತರಿ ಹಿಡಿ. ಆಕೆ ಅದನ್ನೇ ಸ್ವಲ್ಪ ಖಾರವಾಗಿ ಹೇಳಿದರು: "ನಿಮಗೆ ಮನೆ ಸಿಕ್ಕಿದೆ. ತೋಟ ಸಿಗೋದು ಬರುವ ಜನವರಿಗೆ."

ಆ ಮಾತು ತಲೆಯಲ್ಲೇ ಕೂತಿತು. ಏಕೆಂದರೆ ನಾವೂ ಒಂದು ಹಿತ್ತಲು ಮಾರಿದವರು. ಅಪ್ಪ ಹೋದಮೇಲೆ ರಸ್ತೆ ಕಡೆಯ ಜಾಗ ಕೊಟ್ಟೆವು. ಕ್ರಯಪತ್ರ ಓದಿದ್ದೀರಲ್ಲ? ಚಕ್ಕುಬಂದಿ, ಆಮೇಲೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಶಾಸನಗಳ ಕಾಲದಿಂದ ಬಂದ ಪಟ್ಟಿ. ಭೂಮಿಯೊಳಗೆ ಹೂತ ಹೊನ್ನು ಸಿಕ್ಕರೆ ಅದೂ ನಿಮ್ಮದೇ ಅಂತ ಬರೆದು ಕೊಟ್ಟೆವು. ಭೂಮಿಯ ಮೇಲೆ ಕಣ್ಣೆದುರು ನಿಂತಿದ್ದ ಗಿಡಗಳ ಬಗ್ಗೆ ಅವರು ಕೇಳಲೂ ಇಲ್ಲ, ಪತ್ರ ಬರೆಯುವವನು ಹೇಳಿಸಲೂ ಇಲ್ಲ. ಇಲ್ಲಿನ ಮಾರಾಟದ ಫಾರಂ ಕೂಡ ದೊಡ್ಡ ಪ್ರೇಮಪತ್ರವೇನಲ್ಲ. ಗಿಡದ ವಿಷಯದಲ್ಲಿ ಅದಕ್ಕೆ ಮುಖ್ಯವಾಗಿ ಬೇಕಾದದ್ದು ಜಪಾನಿ ನಾಟ್‌ವೀಡ್ ಇದೆಯೋ ಇಲ್ಲವೋ. 1850ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಬಂದ ಈ ಚೆಂದದ ಗಿಡ ಈಗ ಮನೆಯ ಬೆಲೆ ಇಳಿಸುವ, ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುವ ಪೀಡೆ. ನಮ್ಮ ಲಂಟಾನದ ಕಥೆಯೂ ಇದೇ ತಾನೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆ ಅಂತ ಅಮೆರಿಕದ ಕಡೆಯಿಂದ ತಂದರು, ಈಗ ಬಂಡೀಪುರದ ಕಾಡಿನಲ್ಲಿ ಜಿಂಕೆಗೆ ಹುಲ್ಲಿಲ್ಲ. ಅಂದಹಾಗೆ ಅದೇ ಲಂಟಾನ ಇಲ್ಲಿನ ನರ್ಸರಿಯಲ್ಲಿ ಕುಂಡದಲ್ಲಿ ಕೂತು ಪೌಂಡುಗಳಲ್ಲಿ ಬಿಕರಿಯಾಗುತ್ತದೆ. ಅಮ್ಮನಿಗೆ ಬೆಲೆ ಹೇಳಲಿಲ್ಲ, ಬಿಪಿ ಇದೆ.

ನಮ್ಮ ಹಿತ್ತಲಿಗೆ ಜೆಸಿಬಿ ಬಂದದ್ದು ನೋಂದಣಿಯಾದ ವಾರದಲ್ಲೇ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತಂತೆ. ಆಡುಸೋಗೆ, ಲಕ್ಕಿ, ಅಜ್ಜಿ ಕಾಲದ ರಂಜ, ಗಣಪತಿ ಹಬ್ಬಕ್ಕೆ ಮಾತ್ರ ನೆನಪಾಗುತ್ತಿದ್ದ ಕೇಪಳ, ಬಾವಿ ಹತ್ತಿರದ ದೊಡ್ಡಪತ್ರೆ, ಎಲ್ಲ ಒಂದೇ ರಾಶಿ. "ಕ್ಲೀನ್ ಮಾಡ್ಸಿದ್ವಿ" ಅಂತ ಹೆಮ್ಮೆಯಿಂದ ಹೇಳಿದರಂತೆ ಕೊಂಡವರು. ಅವರನ್ನು ದೂರುವುದಿಲ್ಲ, ಜಾಗ ಅವರದು. ಆದರೆ ಆ ಮಾತು ಈಗ ಚಿಕ್ಕಮಗಳೂರು, ಸಕಲೇಶಪುರ ಎಲ್ಲ ಕಡೆ ಒಂದೇ ರಾಗದಲ್ಲಿ ಕೇಳುತ್ತದೆ. ಹೆಸರು ಗೊತ್ತಿಲ್ಲದ್ದೆಲ್ಲ ಕಾಡುಗಿಡ, ಕಾಡುಗಿಡ ಎಲ್ಲ ಹಾವಿನ ಜಾಗ. ಮೊದಲು ಬೋಳಿಸು, ಆಮೇಲೆ ಪೇವರ್ ಹಾಕು, ಹುಲ್ಲುಹಾಸು ಹಾಸು, ಕೊನೆಗೆ ಬೆಂಗಳೂರಿನಿಂದ ಲಾರಿಯಲ್ಲಿ ಕುಂಡ ತರಿಸಿ 'ಪ್ರಕೃತಿಯ ಮಡಿಲಲ್ಲಿ' ಅಂತ ಬೋರ್ಡು ಬರೆಸು. ಮುಳ್ಳಯ್ಯನಗಿರಿ ಸಾಲಿನ ಗುರಿಗೆ, ಅಂದರೆ ನೀಲಕುರಿಂಜಿ, ಗಿಡಗಳನ್ನು ವರ್ಷಗಟ್ಟಲೆ ಯಾರು ತಿರುಗಿ ನೋಡಿದ್ದರು? 2022ರಲ್ಲಿ ಬೆಟ್ಟ ನೀಲಿಯಾದಾಗ ಕಾರುಗಳು ಬೆಟ್ಟದ ಬುಡದ ಕೈಮರದ ತನಕ ನಿಂತವು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ ಯಾರದಾದರೂ ಸೈಟಿನಲ್ಲಿ ಇದ್ದಿದ್ದರೆ ಹನ್ನೆರಡು ದಿನ ಉಳಿಯುತ್ತಿತ್ತೇ?

ಇಲ್ಲಿನವರೆಲ್ಲ ಗಿಡದ ಭಕ್ತರು ಅಂತ ತಿಳಿಯಬೇಡಿ ಮತ್ತೆ. ಇದೇ ಶೆಫೀಲ್ಡ್‌ನಲ್ಲಿ ರಸ್ತೆ ರಿಪೇರಿ ಹೆಸರಲ್ಲಿ ಸಾವಿರಾರು ಬೀದಿಮರ ಕಡಿದು, ಬೆಳಗಿನ ಜಾವ ಪೊಲೀಸರನ್ನು ಕರೆತಂದು, ಮುದುಕಿಯರನ್ನು ಹಿಡಿದು ದೊಡ್ಡ ರಾದ್ಧಾಂತವಾಗಿದೆ. ನಮ್ಮ ಬೀದಿಯಲ್ಲೂ ಮುಂಭಾಗವನ್ನು ಕಾರು ನಿಲ್ಲಿಸಲು ಕಲ್ಲು ಹಾಸಿ ಮುಗಿಸಿದವರಿದ್ದಾರೆ. ಆದರೆ ಮಾರಿ ಹೋದವನೊಬ್ಬ ವಾರವಾರ ಫೋನಿನಲ್ಲಿ ಕೇಳುತ್ತಾನೆ ನೋಡಿ, ಅದು ನನಗೆ ಹೊಸದು.

ಕಳೆದ ವಾರ ಬೇಲಿ ಮೇಲಿಂದ ಒಂದು ಹಾಳೆ ಬಂತು. ಅಜ್ಜ ನೆನಪಿನಿಂದಲೇ ಬಿಡಿಸಿದ ತೋಟದ ನಕ್ಷೆ. ನಡುಗುವ ಕೈ, ಗೆರೆಯೆಲ್ಲ ಅಲುಗಾಡಿದೆ, ಆದರೆ ಪ್ರತಿ ಪೊದೆಯೂ ತನ್ನ ಜಾಗದಲ್ಲೇ ಇದೆ. ಪಕ್ಕದಲ್ಲಿ ಪುಟಾಣಿ ಅಕ್ಷರ. ಕ್ಯಾಮೆಲಿಯಾ: ಬೆಳಗಿನ ಬಿಸಿಲು ಬಿದ್ದರೆ ಹೆಪ್ಪುಗಟ್ಟಿದ ಮೊಗ್ಗು ಹಾಳಾಗುತ್ತೆ, ಅದಕ್ಕೇ ಪಶ್ಚಿಮಕ್ಕೆ ಮುಖವಿರುವ ಗೋಡೆ. ಬಡ್ಲಿಯಾ: ಮಾರ್ಚಿನಲ್ಲಿ ನಿರ್ದಯವಾಗಿ ಕತ್ತರಿಸಿ, ಚಿಟ್ಟೆ ತಾನಾಗಿ ಬರುತ್ತೆ. ಹೈಡ್ರಾಂಜಿಯಾ: ನನ್ನಾಕೆಗೆ ನೀಲಿಯೇ ಬೇಕಿತ್ತು, ಸುಣ್ಣ ಸೋಕಿಸಬೇಡಿ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಬೇರಿಗೆ ದಕ್ಕಿ ಹೂ ನೀಲಿಯಾಗುತ್ತದೆ, ಸುಣ್ಣ ಬಿದ್ದರೆ ಗುಲಾಬಿಗೆ ತಿರುಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹೊಡೆಸುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ.

ಗೊಬ್ಬರದ ಗುಂಡಿ ಪಕ್ಕದ ಪೊದೆಗೆ ಮಾತ್ರ ಹೆಸರಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ, ಕೆಳಗೆ "ಹಕ್ಕಿ ತಂದಿದ್ದು. ನನಗೂ ಗೊತ್ತಿಲ್ಲ. ಕೆಂಪು ಹಣ್ಣು, ಬ್ಲ್ಯಾಕ್‌ಬರ್ಡ್‌ಗೆ ಇಷ್ಟ." ಆ್ಯಪ್ ಅದನ್ನು ಕೋಟೋನಿಯಾಸ್ಟರ್ ಎನ್ನುತ್ತದೆ. ಅದರಲ್ಲೇ ಹತ್ತಾರು ಒಳಜಾತಿ, ಬಿಡಿಸಿ ಹೇಳಲು ಪರಿಣತರೂ ತಲೆ ಕೆರೆದುಕೊಳ್ಳುತ್ತಾರೆ. ಅಮ್ಮನಿಗೆ ಇದು ಬಹಳ ಹಿಡಿಸಿತು. "ನಮ್ಮಲ್ಲೂ ಗಂಧದ ಸಸಿ ಹಕ್ಕಿ ತಂದು ಹಾಕಿದ್ದೇ ಅಲ್ವಾ. ನಿಮ್ಮಪ್ಪ ಹೆದರ್ಕೊಂಡು ಕಿತ್ತಾಕೋರು." 2001ರ ತನಕ ಯಾರ ಹಿತ್ತಲಲ್ಲಿ ಹುಟ್ಟಿದರೂ ಗಂಧ ಸರ್ಕಾರದ್ದು, ಕಳುವಾದರೆ ಮನೆ ಯಜಮಾನನ ಮೇಲೆ ಬರುವ ಭಯ. ಹಕ್ಕಿಗೆ ಈ ಕಾನೂನು ತಿಳಿಸುವವರು ಇರಲಿಲ್ಲ.

ಇಷ್ಟರಲ್ಲೇ ತಮ್ಮನ ಫೋನ್. ಮೂಡಿಗೆರೆ ಹತ್ತಿರ ಹಳೇ ಮನೆಯೊಂದರ ಹಿತ್ತಲು ಕೊಂಡಿದ್ದಾನೆ, ಯಾರೂ ವಾಸವಿಲ್ಲದೆ ಬೆಳೆದ ಜಾಗ. ಮಳೆ ಹಿಡಿಯುವ ಮುಂಚೆ ಕ್ಲೀನ್ ಮಾಡಿಸಬೇಕು, ಸೋಮವಾರ ಜೆಸಿಬಿ, ಅಡ್ವಾನ್ಸ್ ಕೊಟ್ಟಾಗಿದೆ. ನಾನು ವರ್ಷ, ಋತು ಅಂತ ಪುರಾಣ ತೆಗೆದೆ. "ಅಕ್ಕಾ, ನಿನಗೆ ಅಲ್ಲಿ ಪುರುಸೊತ್ತಿದೆ" ಅಂದ. ಅಮ್ಮ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಹಳೇ ಸೀರೆ ಹರಿದು ಪಟ್ಟಿ ಮಾಡಿಕೊಂಡು, ಆ ಮನೆಯಲ್ಲಿ ಹಿಂದೆ ಕೆಲಸ ಮಾಡುತ್ತಿದ್ದ ಮುದುಕಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು. ಇಬ್ಬರೂ ಗಿಡಗಿಡದ ಹತ್ತಿರ ನಿಂತು ಮುರಿದು, ಮೂಸಿ, ಜಗಳವಾಡಿ, ಉಳಿಸಬೇಕಾದ್ದಕ್ಕೆಲ್ಲ ಕೆಂಪು ಪಟ್ಟಿ ಕಟ್ಟಿದರು. ಏನೆಂದು ಇಬ್ಬರಿಗೂ ಗೊತ್ತಾಗದವಕ್ಕೆ ಎರಡೆರಡು.

ಸೋಮವಾರ ತಮ್ಮ ಮತ್ತೆ ಫೋನ್ ಮಾಡಿದ. ಜಾಗವೆಲ್ಲ ಹರಕೆ ಕಟ್ಟಿದ ಹಾಗೆ ಕಾಣುತ್ತಂತೆ. ಡ್ರೈವರ್ ಗೇಟಿನಲ್ಲೇ ಇಳಿದು, ಚಪ್ಪಲಿ ಬಿಟ್ಟು, "ಸಾರ್, ಇದು ನಾಗಬನ ಇದ್ದಂಗಿದೆ, ನಾನು ಬಕೆಟ್ ಹಾಕಲ್ಲ" ಅಂದನಂತೆ. ಗೇಟಿನ ದಾರಿ ಮಾತ್ರ ಮಾಡಿಕೊಟ್ಟು, ಅರ್ಧ ದಿನದ ಬಾಡಿಗೆ ಹಿಡಿದುಕೊಂಡು ಉಳಿದ ಅಡ್ವಾನ್ಸ್ ವಾಪಸ್ ಕೊಟ್ಟು ಹೋದ. ತಮ್ಮನಿಗೆ ಸಿಟ್ಟು. ಅಮ್ಮ ಆ ದುಡ್ಡನ್ನು ತೆಗೆದು ಮುದುಕಿಯ ಕೈಗೆ ಕೊಟ್ಟಿದ್ದಾಳೆ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಬರಬೇಕು ಅಂತ ಹೇಳಿ.